ಶಾಲಿನೊಳಗಿನ ಕೈ

"ತಲೆ ವಾಲ್ತೈತೆ ನೋಡ್ರೋ, ಹಿಂದಿಂದ ಒಂದು ಬಟ್ಟೆ ಕಟ್ರಿ," ಎಂದು ಪಂಚಾಕ್ಷರಿ ಕೂಗಿದ. ನಂಜಪ್ಪನ ಮಗ ಶಶಿಧರ್ ತೀರಿಕೊಂಡ ಅಪ್ಪನ ತಲೆಯನ್ನು ಗೋಡೆಗೆ ಆನಿಸಿ ಹಿಡಿದ. ಸಂಪ್ರದಾಯದಂತೆ ಹೆಣವನ್ನು ಹಜಾರದಲ್ಲಿ ಕೂರಿಸಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಬಲಗೈಯನ್ನು ಶಶಿಧರ್ ಶಾಲಿನೊಳಗೆ ಸೇರಿಸಿದ. ಜೀವಮಾನವೆಲ್ಲ ಅರಸೀಕೆರೆಯ ಪೇಟೆಯಲ್ಲಿ ಕೊಬ್ಬರಿ ತೂಗಿದ ಕೈ ಅದು.

ಮಠದ ಭಜನೆಯವರು ಹಾರ್ಮೋನಿಯಂ ಇಳಿಸಿದರು. ತಾಳ ಹಾಕುವ ಗಿಡ್ಡಪ್ಪ ಇನ್ನೂ ಬಂದಿರಲಿಲ್ಲ.

"ಅದಕ್ಯಾಕೆ ಯೋಚ್ನೆ? ನಮ್ ಭಾವನೇ ಇಲ್ವಾ? ಅಂಥಾ ದೊಡ್ಡ ವಿದ್ವಾಂಸರ ಪಕ್ಕ ಕೂತು ತಾಳ ಹಾಕ್ದೋರು!" ಎಂದ ಪಂಚಾಕ್ಷರಿ.

ಅವನು ನಂಜಪ್ಪನ ಹೆಂಡತಿ ಸುಮಿತ್ರಮ್ಮನ ಅಣ್ಣ. ಸಾವಿನ ಮನೆಯಲ್ಲೂ ಬಾಯಿಗೆ ಬೀಗವಿಲ್ಲ. ಅಳುತ್ತಿದ್ದವರೂ ನಕ್ಕರು. ರೂಢಿಬಲದಿಂದ ಸುಮಿತ್ರಮ್ಮನ ತುಟಿಯೂ ಅರಳಿತು. ಮರುಗಳಿಗೆ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

* * *

ಸುಮಿತ್ರಮ್ಮನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಗಂಡಸರ ನಡುವೆ ಕೂತು ಕಛೇರಿ ಕೇಳಲು ಅಪ್ಪ ಬಿಡುವವನಲ್ಲ. ಬಸ್ತಿಹಳ್ಳಿಯ ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ, ಮಾದಿಹಳ್ಳಿಯಲ್ಲಿ ಬಸ್ಸು ಹತ್ತಿ ಹಳೇಬೀಡಿಗೆ ಹೋಗಿದ್ದಳು. ದೇವಸ್ಥಾನದ ಮುಂದೆ ಬಯಲಲ್ಲೇ ಕೊಳಲು ಕಛೇರಿ. ಮೃದಂಗದವರ ಬಸ್ಸು ದಾರಿಯಲ್ಲಿ ಕೆಟ್ಟಿತ್ತು. ನಾಡಿಗೇ ಹೆಸರಾದ ವಿದ್ವಾಂಸರು ಮೃದಂಗವಿಲ್ಲದೆಯೇ ಶುರುಮಾಡಿದರು. ಮುಂದಿನ ಸಾಲಿನಲ್ಲಿ ತೊಡೆ ತಟ್ಟಿ ತಾಳ ಹಾಕುತ್ತಿದ್ದ ಹುಡುಗ ಅವರ ಕಣ್ಣಿಗೆ ಬಿದ್ದ.

"ಮೇಲೆ ಬಾರಪ್ಪ. ನನ್ ಪಕ್ಕ ಕೂತ್ಕೊಂಡು ಹಾಕು."

ಮಠದ ಭಜನೆಯಲ್ಲಿ ಕಲಿತ ತಾಳ, ಒಮ್ಮೆಯೂ ತಪ್ಪಲಿಲ್ಲ. ಕೊನೆಗೆ ವಿದ್ವಾಂಸರು ತಮ್ಮ ಹಾರವನ್ನೇ ತೆಗೆದು ಅವನ ಕೊರಳಿಗೆ ಹಾಕಿದರು. ಅವಳು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದಳು. ಮುಂದೆ ಅವಳನ್ನು ನೋಡಲು ಬಂದ ಗಂಡೂ ಅವನೇ. ಒಂದೇ ಮಾತಿಗೆ ಯಾಕೆ ಒಪ್ಪಿದಳೆಂದು ಯಾರಿಗೂ ತಿಳಿಯಲಿಲ್ಲ.

ಮದುವೆಯಾದ ಹೊಸತರಲ್ಲಿ, ತವರಿನ ಊಟದ ಪಂಕ್ತಿಯಲ್ಲಿ ನಂಜಪ್ಪ ಆ ಸಂಜೆಯ ಕತೆ ತೆಗೆದ.

"ಕಾಗೆ ಹಾರಿಸ್ಬೇಡಿ ಭಾವ!" ಎಂದ ಪಂಚಾಕ್ಷರಿ. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಬಡಿಸುತ್ತಿದ್ದ ಹೆಂಡತಿಯ ಮುಖವನ್ನು ನಂಜಪ್ಪ ನೋಡಿದ. ನಾನೇ ನೋಡಿದ್ದೆ ಎಂದು ಅವಳು ಹೇಳಿದರೆ, ಅಲ್ಲಿಗೆ ಹೇಗೆ ಹೋದೆ ಎಂದು ಅಪ್ಪ ಕೇಳುತ್ತಾನೆ. ಸುಮಿತ್ರಮ್ಮನೂ ನಕ್ಕಳು.

ಆಮೇಲೆ ಗಂಡನೊಬ್ಬನಿಗೇ ಹೇಳಬಹುದಿತ್ತು. ಮತ್ತೆ ಯಾಕೆ ನಕ್ಕೆ ಅಂದಾನು ಎಂಬ ಅಳುಕು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಅವಳದು ಆಡದೆಯೇ ಹೋದ ಮಾತು. ಅಪ್ಪ ತೀರಿಕೊಂಡ ಮೇಲೂ ಅದು ಬಾಯಿಗೆ ಬರಲಿಲ್ಲ. ನಂಜಪ್ಪ ಕತೆ ಹೇಳುವುದನ್ನೇ ಬಿಟ್ಟ. ಪಂಚಾಕ್ಷರಿ ಮಾತ್ರ ಬಂದಾಗಲೆಲ್ಲ ಅದನ್ನೇ ಎತ್ತಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದ. ರೇಡಿಯೋದಲ್ಲಿ ಕೊಳಲು ಬಂದರೆ ಬಲಗೈ ತಾನಾಗಿ ತೊಡೆ ತಟ್ಟುತ್ತಿತ್ತು. ಹೆಂಡತಿ ಒಳಗೆ ಬಂದರೆ ಸಾಕು, ಅದನ್ನು ಶಾಲಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದ.

* * *

"ಅಣ್ಣ, ಅದು ಸುಳ್ಳಲ್ಲ," ಎಂದಳು ಸುಮಿತ್ರಮ್ಮ. "ನಾನು ಅಲ್ಲೇ ಇದ್ದೆ. ಚಿಕ್ಕಮ್ಮನ್ ಮನೆಗೆ ಅಂತ ಸುಳ್ಳು ಹೇಳಿ ಹೋಗಿದ್ದೆ. ಕಣ್ಣಾರೆ ನೋಡಿದೀನಿ."

ಪಂಚಾಕ್ಷರಿ ತಲೆ ತಗ್ಗಿಸಿದ.

"ಮತ್ತೆ ಇಷ್ಟ್ ವರ್ಷ ಯಾಕಮ್ಮ ಹೇಳ್ಲಿಲ್ಲ?" ಶಶಿಧರ್ ಅವಳ ಕಡೆ ತಿರುಗಿದ. "ನಾವೆಲ್ಲ ನಗ್ತಿದ್ವಲ್ಲ."

"ನಾನೂ ನಗ್ತಿದ್ನಲ್ಲೋ."

ಹಾರ್ಮೋನಿಯಂ ಶುರುವಾಯಿತು. ಗಂಡನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ. ಪಕ್ಕದಲ್ಲಿ ಕೂತು, ಶಾಲು ಸರಿಸಿ, ತಣ್ಣಗಿದ್ದ ಬಲಗೈಯನ್ನು ಹೊರತೆಗೆದು, ಎಲ್ಲರಿಗೂ ಕಾಣುವಂತೆ ಅವನ ತೊಡೆಯ ಮೇಲಿಟ್ಟಳು.