ಎದುರು ಬದಿಯ ಮೂರು ಎಳೆ

ಬಾಗಿಲ ಗಂಟೆ ಸದ್ದಾದಾಗ ಇತ್ಸುಕೊಳ ಎರಡೂ ಕೈಯಲ್ಲಿ ಒಂದೊಂದು ಎಳೆ ಇತ್ತು. ಬಲಗೈಯದು ಎದುರಿನಿಂದ ತನ್ನ ಕಡೆಗೆ ಬರಬೇಕಾದದ್ದು, ಎಡಗೈಯದು ತನ್ನ ಕಡೆಯಿಂದ ಎದುರಿಗೆ ಹೋಗಬೇಕಾದದ್ದು. ಎರಡನ್ನೂ ದಾಟಿಸಿ, ಮಣಿಗಳನ್ನು ಎಳೆಯಡಿಗೆ ತಳ್ಳಿ, ಗಡಿಬಿಡಿಯಲ್ಲಿ ಎದ್ದುಬಿಟ್ಟಳು. ಹುರಿ ಹೆಣೆಯುವ ದುಂಡು ಪೀಠದ ನಾಲ್ಕೂ ಬದಿಗೆ ಎರಡೆರಡು ಎಳೆ ಸಮವಾಗಿ ಇಳಿಬಿದ್ದವು. ತುದಿಯ ಮರದ ಉರುಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿ ಸುಮ್ಮನಾದವು.

ಹಾಗೆ ಏಳಬಾರದು. ಈ ಇಗಾ ಊರಿನಲ್ಲಿ ಹೆಣಿಗೆಗೆ ಕೂತ ಮಕ್ಕಳಿಗೂ ಅದು ಗೊತ್ತು. ಏಳಲೇಬೇಕಾದರೆ ಹೆಣಿಗೆಯ ಹೆಜ್ಜೆಯನ್ನು ಅರ್ಧಕ್ಕೆ ಬಿಟ್ಟು ಏಳಬೇಕು: ಒಂದು ಬದಿಗೆ ಮೂರು ಎಳೆ, ಅದರ ಎದುರಿಗೆ ಒಂದೇ. ಮರಳಿ ಬಂದವರಿಗೆ ಮುಂದಿನ ಕೆಲಸ ಯಾವುದೆಂದು ಆ ಒಂಟಿ ಎಳೆಯೇ ಹೇಳುತ್ತದೆ. ಎಲ್ಲ ಸಮ ಮಾಡಿಟ್ಟರೆ ಮುಂದಿನದು ಉದ್ದಕ್ಕೋ ಅಡ್ಡಕ್ಕೋ ತಿಳಿಯದು. ಮಣಿಗಳ ಸಂದಿಯಲ್ಲಿ ಮೇಲಿನ ಎಳೆ ಯಾವುದೆಂದು ಬಗ್ಗಿ ಹುಡುಕಬೇಕು. ತಪ್ಪು ಹಿಡಿದರೆ ಹುರಿ ಅಲ್ಲೇ ಮುಗ್ಗರಿಸುತ್ತದೆ.

ಬಾಗಿಲಲ್ಲಿ ಮಿಫುಯು ನಿಂತಿದ್ದಳು. ಮಗಳ ಕೂದಲು ಈಗ ಕಂದು ಬಣ್ಣಕ್ಕೆ ತಿರುಗಿತ್ತು. ಬಗ್ಗಿ ನಮಸ್ಕರಿಸಿ, ಕಸುಮಿ ಅವರು ಕೊಟ್ಟಿದ್ದೆಂದು ಸಿಹಿಯ ಪೆಟ್ಟಿಗೆಯೊಂದನ್ನು ಎರಡೂ ಕೈಯಿಂದ ಮುಂದೆ ಚಾಚಿದಳು. ಕಸುಮಿ ಎಂದರೆ ಅವಳ ಅಪ್ಪನ ಈಗಿನ ಹೆಂಡತಿ. ಒಳಗೆ ಬರುವ ಮುನ್ನ ಚಪ್ಪಲಿಯನ್ನು ತಿರುಗಿಸಿ, ನೆಂಟರು ಇಡುವ ಹಾಗೆ, ಬೀದಿಯ ಕಡೆಗೆ ಮುಖ ಮಾಡಿ ಇಟ್ಟಳು. ಚಿಕ್ಕವಳಿದ್ದಾಗ ಒಂದು ಇಲ್ಲಿ, ಇನ್ನೊಂದು ಅಡುಗೆಮನೆ ಬಾಗಿಲಲ್ಲಿ ಬಿದ್ದಿರುತ್ತಿತ್ತು.

ಅವಳು ಬಂದದ್ದು ಉದ್ದ ತೋಳಿನ ಕಿಮೊನೊ ಒಯ್ಯಲು. ಜನವರಿಯಲ್ಲಿ ಅವಳ ಊರಿನವರು ಇಪ್ಪತ್ತು ತುಂಬುವವರಿಗೆ ಮಾಡುವ ಸಮಾರಂಭಕ್ಕೆ ಅಮ್ಮನದೇ ಉಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಳು. ಗಂಡ ಹೆಂಡತಿ ಬೇರೆಯಾದಾಗ ಯಾರ ಜೊತೆ ಇರುತ್ತೀ ಎಂದು ದೊಡ್ಡವರು ಕೇಳಿದ್ದಕ್ಕೆ, ಹನ್ನೆರಡರ ಹುಡುಗಿ ಅಜ್ಜಿಯ ಜೊತೆ ಎಂದು ನೆಲ ನೋಡಿಕೊಂಡು ಉತ್ತರ ಕೊಟ್ಟು, ಅಪ್ಪ ಮತ್ತು ಅಪ್ಪನ ಅಮ್ಮನೊಂದಿಗೆ ನಾಗೋಯಾಕ್ಕೆ ಹೋದಳು. ಆಮೇಲೆ ಬಂದಾಗಲೆಲ್ಲ ಏನಾದರೊಂದನ್ನು ತೆಗೆದುಕೊಂಡು ಹೋಗಲು ಬರುತ್ತಿದ್ದಳು. ಪುಸ್ತಕಗಳು ಹೋದವು, ಚಳಿಯ ಕೋಟು ಹೋಯಿತು, ಓದುವ ಮೇಜನ್ನು ಒಂದು ಸಲ ವ್ಯಾನಿನಲ್ಲಿ ಒಯ್ದರು. ಉಳಿದದ್ದು ಈ ಕಿಮೊನೊ ಒಂದೇ. ಇದೂ ಹೋದರೆ ಅವಳು ಬರಬೇಕಾದಂಥದ್ದು ಈ ಮನೆಯಲ್ಲಿ ಏನೂ ಇರುವುದಿಲ್ಲ. ತಾನು ಕೆಲಸ ಮಾಡುವ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚುತ್ತಾ ಇತ್ಸುಕೊ ಒಂದೇ ಮಾತನ್ನು ಎಷ್ಟೋ ದಿನದಿಂದ ಒಳಗೊಳಗೇ ಹೇಳಿ ನೋಡಿಕೊಳ್ಳುತ್ತಿದ್ದಳು. ಅವತ್ತು ನಾನೇ ಬಂದು ಉಡಿಸಲೇ? ಅಷ್ಟೇ.

ನೆಂಟರು ಕೂರಲೆಂದು ಇಟ್ಟಿದ್ದ ಹೊಸ ದಿಂಬು ಹಾಕಿದಳು. ಕರ್ಪೂರದ ವಾಸನೆಯ ಕಾಗದ ಬಿಚ್ಚಿ ಕಿಮೊನೊ ಹರವಿದಳು. ಮಿಫುಯು ತೋಳನ್ನು ತನ್ನ ತೋಳಿಗೆ ಹಿಡಿದು ನೋಡಿದಳು.

"ಗಿಡ್ಡ ಆಗುತ್ತೇನೋ. ನೀನು ನನಗಿಂತ ಎತ್ತರ ಬೆಳೆದ್ಬಿಟ್ಟಿದೀಯ," ಎಂದಳು ಇತ್ಸುಕೊ.

"ಉಡಿಸೋರು ಸರಿ ಮಾಡ್ಕೋತಾರಂತೆ ಅಮ್ಮ. ಕಸುಮಿ ಅವರು ಸಲೂನಲ್ಲಿ ಆಗಲೇ ಹೇಳಿಟ್ಟಿದಾರೆ."

ಒಳ್ಳೆಯದಾಯಿತು ಎಂದಳು ಇತ್ಸುಕೊ. ಸಲೂನಿನವರು ಅನುಭವಸ್ಥರು, ಸೊಂಟಪಟ್ಟಿ ಸಂಜೆಯವರೆಗೂ ಜಾರುವುದಿಲ್ಲ, ಕೂದಲನ್ನೂ ಅವರೇ ಕಟ್ಟುತ್ತಾರೆ. ತಾನೇ ಸಲೂನು ಇಟ್ಟವಳ ಹಾಗೆ ಅದನ್ನೇ ಹೊಗಳುತ್ತಾ ಕಾಗದ ಮಡಿಸಿದಳು.

ಚಹಾ ಕುಡಿಯುವಾಗ ಮಿಫುಯು ಪೀಠದ ಕಡೆ ನೋಡಿದಳು. ನಡುವಿನ ತೂತಿನ ಕೆಳಗೆ ಸಣ್ಣ ಹುರಿ ಇಳಿದಿತ್ತು, ಮೈತುಂಬ ನೀಲಿ ಗಾಜಿನ ಮಣಿ. ಕೈಗೆ ಕಟ್ಟುವಂಥದ್ದು.

"ಯಾರದು ಇದು?"

"ಆರ್ಡರಿಂದು."

"ಮಣಿ ಎಲ್ಲ ಒಂದೊಂದು ಒಂದೊಂದು ಥರ ಇದೆಯಲ್ಲ. ತಗೋತಾರಾ?"

"ಅವರಿಗೆ ಹಾಗೇ ಬೇಕಂತೆ. ಈಗಿನವರ ರುಚಿ."

ಆ ಮಣಿಗಳು ಮಿಫುಯುವೇ ಒಂಬತ್ತನೇ ವಯಸ್ಸಿನಲ್ಲಿ ಕಟ್ಟಿದ ಮೊದಲ ಬಳೆಯವು. ದಾರ ಕೊಳೆತು ಹರಿದಾಗ ಇತ್ಸುಕೊ ಮಣಿಗಳನ್ನು ಬಟ್ಟಲಿಗೆ ಹಾಕಿಟ್ಟಿದ್ದಳು. ಕಿಮೊನೊ ಉಟ್ಟ ಕೈಗೆ ಇಂಥದ್ದನ್ನು ಹಾಕುವುದಿಲ್ಲ. ಇದು ಮಿಕ್ಕ ದಿನಗಳಿಗೆ ಎಂದುಕೊಂಡಿದ್ದಳು. ಇವತ್ತಿಗೆ ಮುಗಿಸಬೇಕೆಂದರೆ ಆಶ್ರಮದಲ್ಲಿ ಒಬ್ಬಳು ರಜೆ ಹಾಕಿ, ಅವಳ ಪಾಳಿಯೂ ಇವಳ ತಲೆಗೇ ಬಂತು. ಮುಗಿಯದ್ದನ್ನು ನಿನ್ನದು ಎಂದು ಹೇಗೆ ತೋರಿಸುವುದು? ಹೇಳಿದ ಮೇಲೆ ಅವಳು, ಪರವಾಗಿಲ್ಲ ಅಮ್ಮ, ಅಂಚೆಯಲ್ಲಿ ಕಳಿಸು ಎಂದುಬಿಟ್ಟರೆ?

ಅಪ್ಪ ನಾಲ್ಕಕ್ಕೆ ಕಾರು ತರುತ್ತಾನೆಂದು ಮಿಫುಯು ಹೇಳಿದಳು. ಅಜ್ಜಿಗೆ ಏನೂ ಕೊಡದೆ ಕಳಿಸುವುದೇ ಎಂದು ಇತ್ಸುಕೊ ಎದ್ದು ಕೋಟು ಹಾಕಿಕೊಂಡಳು. ಇಳಿಜಾರಿನ ಅಂಗಡಿಯ ಗಟ್ಟಿ ಬಿಸ್ಕತ್ತು ತರುತ್ತೇನೆ, ಈಗ ಬಂದೆ.

"ಬೇಡಮ್ಮ. ಅಜ್ಜಿಗೆ ಈಗ ಹಲ್ಲೇ ಇಲ್ಲ."

"ನಿಂಗಿದೆಯಲ್ಲ."

ಮಿಫುಯು ನಕ್ಕಳು. ಆ ನಗು ಕೇಳಿಸಿಕೊಂಡೇ ಇತ್ಸುಕೊ ಮೆಟ್ಟಿಲಿಳಿದಳು.

ಅಂಗಡಿಯ ತೋಮೆ ಅಜ್ಜಿ ಸುತ್ತಿಗೆಯಲ್ಲಿ ಒಡೆದೇ ತಿನ್ನಬೇಕಾದ ಆ ಬಿಸ್ಕತ್ತನ್ನು ಕಬ್ಬಿಣದ ಅಚ್ಚಿನಲ್ಲಿ ಒತ್ತಿ ಬೇಯಿಸುತ್ತಾ ಕೂತಿದ್ದಳು. ಅವಸರ ಎಂದರೆ ಅವಳಿಗೆ ಕಿವಿ ಕೇಳುವುದಿಲ್ಲ. ಯಾರಿಗೆ ಎಂದು ವಿಚಾರಿಸಿದಳು, ಮಗಳು ಬಂದಿದ್ದಾಳೆಂದು ತಿಳಿದ ಮೇಲೆ ಇಟ್ಟಿದ್ದು ಬೇಡ, ಬಿಸಿಯದೇ ಕೊಡುತ್ತೇನೆ ಎಂದು ಹಟ ಹಿಡಿದಳು.

"ನಿನ್ನ ಮಗಳು ಸಣ್ಣೋಳಿದ್ದಾಗ ಸುತ್ತಿಗೆ ಬೇಡ ಅಂತ ಹಲ್ಲಲ್ಲೇ ಕಚ್ಚೋಳು. ಮುರಿದ್ರೆ ನನ್ನ ಕೇಳ್ಬೇಡ ಅಂತ ಹೇಳು. ಎಷ್ಟು ದಿನ ಇರ್ತಾಳೆ?"

ಇರುತ್ತಾಳೆ ಅಜ್ಜಿ ಎಂದುಬಿಟ್ಟಳು ಇತ್ಸುಕೊ. ಹಾಗಾದರೆ ಇನ್ನೂ ಎರಡು ಹೆಚ್ಚಿಗೆ ಇರಲಿ ಎಂದು ಅಜ್ಜಿ ಮತ್ತೆ ಅಚ್ಚು ಮುಚ್ಚಿದಳು. ಅವೆರಡೂ ಬೇಯುವವರೆಗೆ ಇತ್ಸುಕೊ ಕಾದಳು.

ತಿರುವಿನಲ್ಲಿ ಬರುವಾಗಲೇ ಮನೆಮುಂದೆ ಕಾರು ನಿಲ್ಲುವ ಜಾಗದಲ್ಲಿ ಉದುರಿದ ಗಿಂಕೊ ಮರದ ಎಲೆಗಳು ಗಾಲಿಯಗಲಕ್ಕೆ ಅರೆದು ಹೋಗಿದ್ದು ಕಂಡಿತು. ಕೋಟಿನ ಜೇಬಿನಲ್ಲಿದ್ದ ಫೋನು ತೆಗೆದಳು. ಅಪ್ಪ ಬೇಗ ಬಂದ, ಕಾಯಲು ಆಗಲ್ಲ ಅಂದ, ಕಿಮೊನೊಗೆ ಥ್ಯಾಂಕ್ಸ್ ಅಮ್ಮ, ಎಂದು ಮಿಫುಯುವಿನ ಸಂದೇಶವಿತ್ತು. ಕಳಿಸಿ ಆಗಲೇ ಸಾಕಷ್ಟು ಹೊತ್ತಾಗಿತ್ತು.

ಒಳಗೆ ಚಹಾದ ಬಟ್ಟಲುಗಳನ್ನು ತೊಳೆದು ಬೋರಲು ಹಾಕಿತ್ತು. ಹೊಸ ದಿಂಬು ಗೋಡೆಗೆ ಒರಗಿತ್ತು. ಬಿಸ್ಕತ್ತಿನ ಚೀಲ ಇನ್ನೂ ಬಿಸಿಯಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲೇ ಹಿಡಿದುಕೊಂಡು ಒಂದಷ್ಟು ಹೊತ್ತು ನಿಂತಳು. ಆಮೇಲೆ, ಬೇರೇನೂ ತೋಚದಾಗ ಯಾವಾಗಲೂ ಮಾಡುವ ಹಾಗೆ, ಪೀಠದ ಮುಂದೆ ಕೂತಳು. ಸಮ ಮಾಡಿ ಎದ್ದಿದ್ದೆನಲ್ಲ, ಎಲ್ಲಿಂದ ಹಿಡಿಯಲಿ ಎಂದು ಬೇಸರಪಟ್ಟುಕೊಂಡೇ ಕೈ ಚಾಚಿದಳು.

ಅವಳ ಕಡೆ ಒಂದೇ ಎಳೆಯಿತ್ತು.

ಎದುರು ಬದಿಗೆ ಮೂರು ಇದ್ದವು. ಬಗ್ಗಿ ನೋಡಿದಳು. ಹುರಿ ಹೆಬ್ಬೆರಳಿನ ಉಗುರಿನಷ್ಟು ಬೆಳೆದಿತ್ತು. ಅವಳು ಬಿಟ್ಟ ಜಾಗದಲ್ಲಿ ಎಲ್ಲೂ ಮುಗ್ಗರಿಸಿರಲಿಲ್ಲ, ಮೇಲಿನ ಎಳೆಯನ್ನು ಹುಡುಕಿಯೇ ಹಿಡಿದಿತ್ತು ಆ ಕೈ. ಅಲ್ಲಿಂದ ಮುಂದೆ ಮಾತ್ರ ಹೆಣಿಗೆ ಸಡಿಲ. ಒಂದೆರಡು ಮಣಿ ಎಳೆಯಡಿಗೆ ಸೇರದೆ ಉಬ್ಬಿ ನಿಂತಿದ್ದವು. ಕಪ್ಪೆಕಣ್ಣು ಎಂದು ಇತ್ಸುಕೊಳೇ ಹಿಂದೆ ಅಣಕಿಸುತ್ತಿದ್ದಳು, ತಾನು ಅನ್ನಕ್ಕೆ ನೀರಿಡಲು ಎದ್ದು ಹೋದಾಗ ಎದುರು ಕೂತ ಪುಟ್ಟ ಮಿಫುಯು ಕದ್ದು ಒಂದು ಸುತ್ತು ಹಾಕಿಟ್ಟರೆ. ಮರಳಿ ಬಂದು ಬಿಚ್ಚಿಬಿಡುತ್ತಿದ್ದಳು. ಆರ್ಡರಿನ ಹುರಿಯಲ್ಲಿ ಇನ್ನೊಬ್ಬರ ಕೈ ಸೇರಕೂಡದು. ಮನೆಯಲ್ಲಿ ಬೆಳೆದ ಹುಡುಗಿಗೆ ಅದನ್ನು ಯಾರೂ ಬೇರೆ ಹೇಳಬೇಕಾಗಿರಲಿಲ್ಲ. ಗೊತ್ತಿದ್ದೂ ಅವಳು ಇವತ್ತು ಇದಕ್ಕೆ ಕೈ ಹಾಕಿದ್ದಳು.

ಅಭ್ಯಾಸಬಲದಿಂದ ಬೆರಳು ಬಿಚ್ಚಲು ಹೋಯಿತು. ಉಬ್ಬಿದ ಮಣಿಯ ಮೇಲೆ ನಿಂತಿತು. ಎದುರಿನ ಮೂರರಲ್ಲಿ ಒಂದನ್ನು ತನ್ನ ಕಡೆಗೆ ಎಳೆದರೆ ಹೆಜ್ಜೆ ಪೂರ್ತಿಯಾಗುತ್ತಿತ್ತು. ಅದನ್ನೂ ಮಾಡಲಿಲ್ಲ.

ಕತ್ತಲಾಗುತ್ತಾ ಬಂತು. ಇತ್ಸುಕೊ ಎದ್ದು ದೀಪ ಹಾಕಿದಳು, ಧೂಳು ಬೀಳದಂತೆ ಎಳೆಗಳ ಮೇಲೆ ಬಿಳಿ ಬಟ್ಟೆ ಹೊದಿಸಿದಳು. ಪೀಠದ ಆಚೆ ಬದಿ ನೆಲದ ಮೇಲೆ, ಕಪಾಟಿನ ತಳದಲ್ಲಿರುತ್ತಿದ್ದ, ಮಿಫುಯು ಕೂರುತ್ತಿದ್ದ ಹಳೆಯ ಚಪ್ಪಟೆ ದಿಂಬು ಓರೆಯಾಗಿ ಬಿದ್ದಿತ್ತು. ಬಗ್ಗಿ ಅದನ್ನು ನೇರ ಮಾಡಿದಳು. ಎತ್ತಿಡಲಿಲ್ಲ.