ಯುರಾಯ್ ಆಡಿದ ಬೇಸಿಗೆ

ಕಾಲೇಜಿನ ಡೀನ್ ಆಲ್ಡ್ರಿಚ್ ಖಾಲಿ ಕಾಗದವೊಂದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ತಮ್ಮ ಪೆನ್ನನ್ನೂ ಇಟ್ಟರು. ಒಲೆಯ ಮುಂದೆ ನಿಂತಿದ್ದ ಜುಜಾನಾ ಸೌಟನ್ನು ಕೆಳಗಿಡದೆ ಮಗನ ಮುಖ ನೋಡಿದಳು. ಸ್ಲೋವಾಕ್ ನಾಡನ್ನು ಬಿಟ್ಟು ಪೆನ್ಸಿಲ್ವೇನಿಯಾದ ಈ ಗಣಿಯೂರಿಗೆ ಬಂದು ಇಪ್ಪತ್ತು ವರ್ಷ ಕಳೆದಿದ್ದರೂ ಅವಳಿಗೆ ಇಂಗ್ಲಿಷ್ ಹತ್ತಿರಲಿಲ್ಲ.

"ಏನಂತೆ?"

"ನಾವೆಲ್ಲ ಚೆನ್ನಾಗಿದೀವಾ ಅಂತ ಕೇಳ್ತಿದಾರಮ್ಮ," ಎಂದ ಸ್ಟೆಫಾನ್.

"ಅಷ್ಟು ಕೇಳೋಕೆ ರೈಲು ಹತ್ತಿ, ಕಾಗದ ಬೇರೆ ಹಿಡ್ಕೊಂಡು ಬಂದ್ರಾ?"

ಸ್ಟೆಫಾನ್ ಹುದಾಕ್ ತನ್ನ ಕಾಲೇಜಿನ ನಾಲ್ಕು ತಂಡಗಳ ಆಟಗಾರ. ಎಲೆ ಉದುರುವಾಗ ಫುಟ್‌ಬಾಲ್, ಹಿಮ ಬಿದ್ದಾಗ ಬಾಸ್ಕೆಟ್‌ಬಾಲ್, ವಸಂತದಲ್ಲಿ ಬೇಸ್‌ಬಾಲ್ ಮತ್ತು ಎತ್ತರ ಜಿಗಿತ. ಬೇಸ್‌ಬಾಲ್ ಪಂದ್ಯದ ನಡುವೆ, ತನ್ನ ಸರದಿ ಬರುವಷ್ಟರಲ್ಲಿ ಪಕ್ಕದ ಬಯಲಿಗೆ ಓಡಿ, ಅದೇ ಉಡುಪಿನಲ್ಲಿ ಜಿಗಿದು ಗೆದ್ದು, ಮರಳಿ ಬಂದು ಚೆಂಡು ಬಾರಿಸಿದ್ದನ್ನು ಕೇರಿಯಲ್ಲಿ ಇಂದಿಗೂ ಹೇಳುತ್ತಾರೆ. ಆದರೆ ಹಣ ಪಡೆದು ಆಡಿದವನು ಕಾಲೇಜಿನ ಪರವಾಗಿ ಆಡುವಂತಿರಲಿಲ್ಲ. ಹೀಗಾಗಿ ರಜೆಯಲ್ಲಿ ಊರೂರ ತಂಡಗಳಿಗೆ ಕೂಲಿಗೆ ಆಡುವ ಹುಡುಗರು ಯಾವುದಾದರೊಂದು ಹೆಸರನ್ನು ಎರವಲು ಪಡೆಯುತ್ತಿದ್ದರು. ಇದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಆ ವರ್ಷದ ಬೇಸಿಗೆಯಲ್ಲಿ ತಂಡದವರು ಹೆಸರು ಕೇಳಿದಾಗ ಸ್ಟೆಫಾನನ ಬಾಯಿಗೆ ಮೊದಲು ಬಂದದ್ದು ಅಣ್ಣ ಯುರಾಯ್ ಹುದಾಕನ ಹೆಸರು. ಯುರಾಯ್ ತೀರಿಕೊಂಡು ಎರಡು ವರ್ಷವಾಗಿತ್ತು. ಗಣಿಯ ಮೇಲ್ಪದರ ಅವನ ಮೇಲೆ ಕುಸಿದಿತ್ತು.

ಬೇಸಿಗೆಯುದ್ದಕ್ಕೂ ಪಕ್ಕದ ಮನೆಯ ಬಾರ್ತ್ಕೊ ಪತ್ರಿಕೆ ಹಿಡಿದು ಬೇಲಿಯಾಚೆಯಿಂದ ಕೂಗುತ್ತಿದ್ದ: "ಜುಜಾನಕ್ಕ, ನಿನ್ನೆ ಯುರಾಯ್ ಮೂರು ಸಲ ಬಾರಿಸಿದಾನೆ!" ಅವಳು ಕೈ ಒರೆಸಿಕೊಂಡು ಬಂದು, "ಇನ್ನೊಂದ್ಸಲ ಓದು," ಎನ್ನುತ್ತಿದ್ದಳು. ಕೇರಿಯಲ್ಲಿ ಯಾರೂ ನಕ್ಕಿರಲಿಲ್ಲ.

ಈಗ ಎದುರಾಳಿ ಕಾಲೇಜೊಂದು, ಯುರಾಯ್ ಹೆಸರಲ್ಲಿ ಆಡಿದವನು ಸ್ಟೆಫಾನನೇ ಎಂದು ದೂರು ಕೊಟ್ಟಿತ್ತು. ವರ್ಷದ ಕೊನೆಯ ಫುಟ್‌ಬಾಲ್ ಪಂದ್ಯಕ್ಕೆ ನಾಲ್ಕೇ ದಿನ ಉಳಿದಿದ್ದವು.

"ಈ ಕಣಿವೇಲಿ ಹುದಾಕ್ ಅನ್ನೋರು ಬೇಕಾದಷ್ಟು ಜನ ಇದಾರೆ, ನಂಗೆ ಗೊತ್ತು," ಎಂದರು ಡೀನ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "'ಯುರಾಯ್ ಅನ್ನೋನು ಯಾರೋ ತಿಳಿಯದು, ನಮ್ಮ ಮನೆಯವನಲ್ಲ.' ಇಷ್ಟು ಬರೆದು ಸಹಿ ಹಾಕು. ಮುಂದೆ ನಾನೇನೂ ಕೇಳೋದಿಲ್ಲ."

"ಹಾಕದಿದ್ರೆ, ಸರ್?"

"ಓದು, ಅದಕ್ಕೆ ಅಡ್ಡಿಯಿಲ್ಲ. ಆಟ ಮಾತ್ರ ಯಾವುದೂ ಇಲ್ಲ. ನೀನು ಗೆದ್ದಿರೋದನ್ನೂ ದಾಖಲೆಯಿಂದ ತೆಗೀತಾರೆ."

"ಸುಳ್ಳು ಹೇಳ್ಬೇಡ," ಎಂದಳು ಜುಜಾನಾ ಹಿಂದಿನಿಂದ. "ಕಿವಿ ಕೆಂಪಗಾಗಿದೆ ನಿಂದು. ಏನಂತೆ ಹೇಳು."

ಅವನು ಒಂದೊಂದೇ ಮಾತನ್ನು ಸ್ಲೋವಾಕಿಗೆ ತಿರುಗಿಸಿ ಹೇಳಿದ. 'ನಮ್ಮ ಮನೆಯವನಲ್ಲ' ಎಂಬುದನ್ನು ಎರಡು ಸಲ ಹೇಳಬೇಕಾಯಿತು.

"ಬರಿ," ಎಂದಳು ಅವಳು. "ಅವನಿಗೇನು ನೋವಾಗುತ್ತಾ? ಇರೋನು ನೀನು. ಆಡು." ಆಲೂಗಡ್ಡೆ ಕಡುಬಿನ ತಟ್ಟೆಯನ್ನು ಅತಿಥಿಯ ಮುಂದಿಟ್ಟಳು. "ಈ ದೊಡ್ಡೋರಿಗೆ ತಿನ್ನೋಕೆ ಹೇಳು. ಮುಖ ನೋಡಿದ್ರೆ ಊಟ ಕಂಡು ವಾರ ಆದಂಗಿದೆ."

ಹೀಗೆಂದು ಒಲೆಯತ್ತ ತಿರುಗಿ ಪಾತ್ರೆಯನ್ನು ಕಲಕತೊಡಗಿದಳು. ಕಡುಬುಗಳನ್ನೆಲ್ಲ ಆಗಲೇ ತೆಗೆದಾಗಿತ್ತು. ಪಾತ್ರೆಯಲ್ಲಿದ್ದದ್ದು ಬರಿಯ ನೀರು. ಸ್ಟೆಫಾನ್ ಆ ಬೆನ್ನನ್ನೇ ನೋಡಿ, ಪೆನ್ನನ್ನೆತ್ತಿಕೊಂಡ.

'ಯುರಾಯ್ ನನ್ನ ಅಣ್ಣ. ಅವನು ಗಣಿಯಲ್ಲಿ ಸತ್ತ. ಬೇಸಿಗೆಯಲ್ಲಿ ಆಡಿದವನು ನಾನು.'

ಇಲ್ಲಿಂದ ಮುಂದೆ ಕೇರಿಯವರ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಡೀನ್ ಕಾಗದವನ್ನು ಹರಿಯಲು ಹೋದರೆಂದೂ ಸ್ಟೆಫಾನ್ ತಡೆದನೆಂದೂ ಕೆಲವರು ಹೇಳುತ್ತಾರೆ. ಡೀನ್ ಕಡುಬನ್ನು ಪೂರ್ತಿ ತಿಂದು ಮುಗಿಸಿಯೇ ಓದಿದರು ಎನ್ನುವವರೂ ಇದ್ದಾರೆ. ಹೊರಡುವಾಗ ಟೋಪಿಯನ್ನು ಎದೆಗೊತ್ತಿಕೊಂಡು ಜುಜಾನಾಳಿಗೆ ತಲೆಬಾಗಿದರೆಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

"ಏನು ಬರೆದೆ?" ಬಾಗಿಲು ಮುಚ್ಚಿದ ಮೇಲೆ ಅವಳು ಕೇಳಿದಳು.

"ಇರೋದನ್ನ."

"ಪೆದ್ದ," ಎಂದಳು. ಅವನ ತಟ್ಟೆಯ ಅಂಚು ಕಾಣದಂತೆ ಬಡಿಸಿದಳು.

ಶನಿವಾರದ ಪಂದ್ಯ ಅವನಿಲ್ಲದೆ ನಡೆಯಿತು. ಮರುವಾರದ ಭಾನುವಾರ ಅವನು ನದಿಯಾಚೆಯ ಉಕ್ಕಿನ ಕಾರ್ಖಾನೆಯ ಊರಿಗೆ ಹೋದ. ಅಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುವವರ ತಂಡವಿತ್ತು. ಅರ್ಧದಷ್ಟು ಮಂದಿ ಕಾಲೇಜು ಹುಡುಗರೇ. ತಗಡಿನ ಕೊಟ್ಟಿಗೆಯಲ್ಲಿ ಮ್ಯಾನೇಜರ್ ಪಟ್ಟಿ ಹಿಡಿದು ನಿಂತಿದ್ದ.

"ಹೆಸರು?"

"ಸ್ಟೆಫಾನ್ ಹುದಾಕ್."

"ಅದು ಮನೇಲಪ್ಪ. ಇಲ್ಲಿಗೆ ಯಾವ್ದು? ಬ್ರೌನ್ ಅನ್ನೋ ಹೆಸರಿಟ್ಕೊಂಡೋರು ಆಗ್ಲೇ ಇಬ್ರಿದಾರೆ, ಅದೊಂದು ಬಿಟ್ಟು ಹೇಳು."

ಬೆಂಚಿನ ಮೇಲಿದ್ದವರು ನಕ್ಕರು.

"ಇಲ್ಲಿಗೂ ಅದೇ," ಎಂದ ಸ್ಟೆಫಾನ್.

ನಗು ನಿಂತಿತು. ಮ್ಯಾನೇಜರ್ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಒತ್ತಿಕೊಂಡು ಬರೆಯತೊಡಗಿದ. ಬ್ರೌನರಲ್ಲಿ ಒಬ್ಬ, ಲೇಸು ಕಟ್ಟುತ್ತಿದ್ದವನು, ತಲೆಯೆತ್ತದೆ ತುಸು ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಅವನಿಗೆ ಜಾಗ ಮಾಡಿದ.