ಹೊಗೆಸೊಪ್ಪಿನ ಮಫ್ಲರು

ಪುಟ್ಟರಾಜುಗೆ ಹೇಸಿಗೆ ಅನ್ನುವುದು ಹುಟ್ಟಿನಿಂದಲೇ ಬಂದ ಗುಣ. ಹಾಲಿನ ಕೆನೆ ತುಟಿಗೆ ತಾಗಿದರೆ ಲೋಟ ಕೆಳಗಿಡುವವನು. ಬಸ್ಸಿನಲ್ಲಿ ಪಕ್ಕದವನು ಎಲೆಯಡಿಕೆ ಜಗಿಯುತ್ತಿದ್ದರೆ ಅರಕಲಗೂಡಿನಿಂದ ಹಾಸನದವರೆಗೂ ನಿಂತೇ ಹೋಗುವವನು. ಎಲ್ಲಕ್ಕಿಂತ ಹೇಸಿಗೆ ಅವನಿಗೆ ಹೊಗೆಸೊಪ್ಪು. ಆದರೆ ಹೊಲದಲ್ಲಿ ಬೆಳೆಯುತ್ತಿದ್ದುದು ಅದನ್ನೇ. ಉಳುವುದು, ನಾಟಿ ಹಾಕಿಸುವುದು, ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ತರುವುದು, ಕೊನೆಗೆ ಹರಾಜುಕಟ್ಟೆಗೆ ಗಾಡಿ ಹೊಡೆಸುವುದು, ಇಷ್ಟು ಅವನ ಪಾಲು. ಎಲೆ ಮುರಿಯುವುದು, ಬೆಂದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡುವುದು ಹೆಂಡತಿ ನಂಜಮ್ಮನದು. ಸೊಪ್ಪು ಪೇರಿಸಿಟ್ಟ ಕೋಣೆಯ ಹೊಸಿಲನ್ನು ಅವನು ದಾಟಿದ್ದೇ ಇಲ್ಲ. "ಬೆಳೀತೀನಿ, ಬಾಯಿಗೆ ಮಾತ್ರ ಮುಟ್ಟಿಸಿಲ್ಲ ಕಣಪ್ಪ," ಎಂದು ಮದುವೆಮನೆಗಳಲ್ಲಿ ಎಲೆಯಡಿಕೆ ತಟ್ಟೆ ಬಂದಾಗಲೆಲ್ಲ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ.

ಬಾಯಿಯನ್ನು ಅವನು ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದು ಪದ್ಯಕ್ಕಾಗಿ. ಅಜ್ಜನ ತೊಡೆಯ ಮೇಲೆ ಕೂತು ರಾಮನ ಕತೆಯ ಓದು ಕೇಳುತ್ತ ಬೆಳೆದವನು ಅವನು. ಧನುರ್ಮಾಸ ಬಂತೆಂದರೆ ಬೆಳಗಿನ ಜಾವವೇ ಎದ್ದು, ತಣ್ಣೀರಲ್ಲಿ ಮಿಂದು, ಸೈಕಲ್ಲು ಹತ್ತಿ ಅರಕಲಗೂಡಿನ ರಾಮಮಂದಿರಕ್ಕೆ ಹೋಗಿಬಿಡುತ್ತಿದ್ದ. ಆ ಹೊತ್ತಿಗೆ ಬಸ್ಸಿಲ್ಲ. ಮಗ ಅನಿಲ್‌ಕುಮಾರನ ಬೈಕಿನ ಹಿಂದೆ ಕೂತರೆ ಗಾಳಿ ಕಿವಿ ಸೀಳುತ್ತದೆ. ಸೈಕಲ್ಲಾದರೆ ತುಳಿದಷ್ಟೂ ಮೈ ಕಾಯುತ್ತದೆ, ತುಳಿಯುವ ಲಯಕ್ಕೆ ಹಿಂದಿನ ದಿನ ಕೇಳಿದ ಪದ್ಯವೂ ಬಂದು ಕೂರುತ್ತದೆ. ಮಂದಿರದಲ್ಲಿ ಕಂಬಕ್ಕೊರಗಿ, ಕಣ್ಣು ಮುಚ್ಚಿ, ಒಂದು ಹೂಂ ಸಹ ಅನ್ನದೆ ಕೇಳಿ, ದೊನ್ನೆಯಲ್ಲಿ ಹುಗ್ಗಿ ಈಸಿಕೊಂಡು ಹಿಂದಿರುಗುತ್ತಿದ್ದ.

ಅಲ್ಲೊಂದು ಪದ್ಧತಿಯಿತ್ತು. ಸಂಕ್ರಾಂತಿಯ ಹಿಂದಿನ ದಿನ ಕೊನೆಯ ಮಂಗಳಪದ್ಯವನ್ನು ಗಮಕಿಗಳು ಓದುವಂತಿಲ್ಲ. ತಿಂಗಳುಪೂರ್ತಿ ಕೇಳಿದವರಲ್ಲಿ ಒಬ್ಬರು ಓದಬೇಕು. ಈ ಸಲ ಗಮಕಿ ಸಿದ್ದೇಶ್ವರ ಮೇಷ್ಟ್ರು ಕಂಬದ ಕಡೆ ಬೊಟ್ಟು ಮಾಡಿ, "ಪುಟ್ಟರಾಜಣ್ಣ, ನಾಳೆ ನಿಮ್ಮ ದನಿ," ಅಂದುಬಿಟ್ಟರು. ಆಯುಷ್ಯವೆಲ್ಲ ಕಿವಿಯಾಗಿದ್ದವನಿಗೆ ಒಂದು ದಿನದ ಮಟ್ಟಿಗೆ ಬಾಯಿ ಬಂದಂತಾಯಿತು.

ಅವತ್ತೆಲ್ಲ ಅವನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡ ಪದ್ಯವನ್ನು ಕೇಳುತ್ತ ಗುನುಗಿದ. ಸಂಜೆ ಸಣ್ಣಗೆ ಕೆಮ್ಮು ಬಂತು. ನಂಜಮ್ಮ ಹೌಹಾರಿದಳು.

"ನಾಳೆ ಆ ಬರೀ ಟವಲ್ ಸುತ್ಕಂಡು ಓಗಂಗಿಲ್ಲ ನೀವು. ಮಂಜು ಅಂದ್ರೆ ಮಂಜು ಬೀಳ್ತಾ ಅದೆ. ಗಂಟ್ಲು ಕಟ್ಕಂಡ್ರೆ ರಾಮ ಬಂದು ಓದಾನಾ?"

ಕೋಣೆಯೊಳಗಿನಿಂದ ಅವಳು ತುಂಬುತೋಳಿನ ಸ್ವೆಟರು, ಮಂಕಿಟೋಪಿ, ಕೆಂಪು ಮಫ್ಲರು, ಕೈಗೆ ಹಾಕಿಕೊಳ್ಳಲು ಉಣ್ಣೆಯ ಕಾಲುಚೀಲ ಎಲ್ಲ ಎಳೆದು ತಂದಳು. ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಉಣ್ಣೆಬಟ್ಟೆ ಇಡುವ ಜಾಗ ಒಂದೇ: ಸೊಪ್ಪಿನ ಪಿಂಡಿಗಳ ಸಂದಿ. ಅಲ್ಲಿಗೆ ಹುಳ ಬರುವುದಿಲ್ಲ, ಜಿರಲೆ ಸುಳಿಯುವುದಿಲ್ಲ. ತೆಗೆದ ಮೇಲೆ ನಾಲ್ಕಾರು ಬಿಸಿಲು ತೋರಿಸಿ ಹಾಕಿಕೊಳ್ಳುವುದು ರೂಢಿ. ಆದರೆ ಆ ಹೊತ್ತಿಗೆ ಬಿಸಿಲೆಲ್ಲಿಂದ ತರುವುದು? ನಂಜಮ್ಮ ಹಿತ್ತಲಿಗೆ ಹೋಗಿ ಪಟಪಟನೆ ಒದರಿ ತಂದಳು.

ಪುಟ್ಟರಾಜು ಮೂಗು ಹಿಂಡಿದ. "ಥೂ, ಏನೇ ಇದು, ಸತ್ತ ಇಲಿ ನಾತ!"

"ಗಾಳಿಗೆ ಓಯ್ತದೆ ಸುಮ್ನಿರಿ. ಉಸ್ರು ಕಟ್ಕಂಡು ಆಕ್ಕಳಿ."

ಗಂಟಲಿನ ಆಸೆಗೆ ಮೂಗು ಸೋತಿತು. ಬೆಳಗಿನ ಜಾವ ಎಲ್ಲವನ್ನೂ ಹಾಕಿಕೊಂಡ. ಮಫ್ಲರನ್ನು ಕುತ್ತಿಗೆಗೆ ಸುತ್ತಿ, ಬಾಯಿಗೂ ಮುಚ್ಚಿ, ಹಿಂದೆ ಗಂಟು ಹಾಕಿಸಿಕೊಂಡು ಸೈಕಲ್ಲು ಹತ್ತಿದ.

ಡೈರಿ ಮುಂದೆ ಕ್ಯಾನು ಇಳಿಸುತ್ತಿದ್ದ ಭೀಮ ಟಾರ್ಚು ಬಿಟ್ಟು ನೋಡಿ ಕೂಗಿದ. "ಯಾರ್ಲಾ ಅದು? ಜ್ವಾಳದೊಲದ ಬೆದರುಗೊಂಬೆ ಸೈಕಲ್ ಕಲ್ತ್‌ಬುಡ್ತಾ?"

"ನಾನು ಕಣ್ಲಾ ಭೀಮ."

"ಪುಟ್ರಾಜಣ್ಣನಾ? ಕಣ್ಣೆರಡು ಬುಟ್ಟು ಇನ್ನೇನೂ ಕಾಣಾಕಿಲ್ವಲ್ಲಣ್ಣ! ನಂಜಮ್ಮಕ್ಕ ನಿನ್ನ ಪಾರ್ಸಲ್ ಕಟ್ಟಿ ಪೋಸ್ಟಲ್ಲಿ ಕಳಿಸ್ತಾ ಅವ್ಳಾ?"

ಪುಟ್ಟರಾಜು ನಗಲಿಲ್ಲ. ಬಾಯಿ ತೆರೆದರೆ ಉಣ್ಣೆ ಒಳಗೆ ಬರುತ್ತಿತ್ತು. ಏರು ಬಂತು, ಒತ್ತಿ ತುಳಿದ. ಒಳಗೆ ಬೆವರೊಡೆಯಿತು, ಹೊರಗಿನಿಂದ ಮಂಜು ಇಳಿದು ಉಣ್ಣೆಯೆಲ್ಲ ತೊಯ್ಯಿತು. ಉಸಿರು ಬಿಟ್ಟಂತೆಲ್ಲ ಮಫ್ಲರು ಒದ್ದೆಯಾಗಿ, ಎಳೆದಂತೆಲ್ಲ ತುಟಿಗೆ ಅಂಟಿಕೊಂಡಿತು. ಮೊದಲು ನಾತವಾಗಿದ್ದದ್ದು ಆಮೇಲೆ ರುಚಿಯಾಯಿತು. ಕಹಿಕಹಿ, ಒಗರು, ಯಾರೋ ಜಗಿದು ಉಗಿದದ್ದನ್ನು ತನ್ನ ಬಾಯಿಗೆ ತುರುಕಿದಂತೆ. ಪದ್ಯದ ಮೊದಲ ಸಾಲು ನೆನೆದ. ಅದಕ್ಕೂ ಅದೇ ರುಚಿ. ಕುತ್ತಿಗೆ ಚುರುಗುಟ್ಟಿತು, ಎದೆ ಡವಡವ ಹೊಡೆದುಕೊಂಡಿತು, ಬಾಯ ತುಂಬ ಉಪ್ಪುನೀರು ಊರಿತು. ಗಂಟು ಬಿಚ್ಚೋಣವೆಂದರೆ ಕಾಲುಚೀಲ ತೊಟ್ಟ ಬೆರಳುಗಳಿಗೆ ಅದು ಸಿಗಲೇ ಇಲ್ಲ. ರಸ್ತೆ ಮಗ್ಗುಲಿಗೆ ವಾಲಿದಂತೆ ಕಂಡಿತು. ಹಾಗೂ ಹೀಗೂ ಮಂದಿರದ ಮುಂದೆ ಸೈಕಲ್ಲನ್ನು ಗೋಡೆಗೆ ಚೆಲ್ಲಿ, ಮಫ್ಲರನ್ನು ಗಲ್ಲದ ಕೆಳಗೆ ಎಳೆದವನೇ ಚರಂಡಿಯ ಮೇಲೆ ಬಗ್ಗಿ ಕಾರಿಕೊಂಡ.

ಪೂಜೆಗೆ ಬಂದಿದ್ದವರು ಸೆರಗು, ಟವಲು ಮೂಗಿಗೆ ಹಿಡಿದು ದೂರ ಸರಿದರು. ನಿವೃತ್ತ ಗುಮಾಸ್ತ ಚನ್ನಪ್ಪನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ.

"ಬಾಯಿಗೇ ಮುಟ್ಟಿಸಿಲ್ಲ ಅಂತಿದ್ರಿ ಸಾ! ಇವತ್ತು ಪಿಂಡಿಪಿಂಡೀನೇ ಜಗಿದಂಗಿದೆ! ಇದೇ ಬಾಯಲ್ಲಿ ಮಂಗಳ ಓದ್ತೀರೋ?"

ಜೀವಮಾನವಿಡೀ ಬೇರೆಯವರನ್ನು ತಾನು ನೋಡಿದ ಕಣ್ಣಿನಲ್ಲೇ ಇವರು ಇವತ್ತು ತನ್ನನ್ನು ನೋಡುತ್ತಿದ್ದಾರೆ! ಪುಟ್ಟರಾಜುಗೆ ತನ್ನ ತುಟಿ, ತನ್ನ ಹಲ್ಲು, ತನ್ನ ಎಂಜಲು ಎಲ್ಲದರ ಮೇಲೂ ಹೇಸಿಗೆಯಾಯಿತು. ಹಿಂದಕ್ಕೆ ಹೋಗಿಬಿಡಲೇ ಅಂದುಕೊಂಡ. ಹೋದರೆ ಪದ್ಯ ಹೋಯಿತು; ಮುಂದಿನ ಧನುರ್ಮಾಸಕ್ಕೆ ಬೊಟ್ಟು ಯಾರ ಕಡೆ ಹೋಗುತ್ತದೋ.

ನಲ್ಲಿಯ ಹತ್ತಿರ ನಿಂತು ಸ್ವೆಟರು ಕಿತ್ತ, ಟೋಪಿ ಕಿತ್ತ, ಹಲ್ಲಿನಿಂದ ಎಳೆದು ಕಾಲುಚೀಲ ಬಿಚ್ಚಿದ, ಕೊನೆಗೆ ಆ ಕೆಂಪು ಮಫ್ಲರನ್ನು ಹಾವು ಬಿಡಿಸಿದಂತೆ ಬಿಡಿಸಿ ಎಸೆದ. ಅಂಗಿಯೂ ನಾರುತ್ತಿತ್ತು; ಅದನ್ನೂ ತೆಗೆದ. ಹುಗ್ಗಿ ಬೇಯಿಸಿದ ಒಲೆಯ ಬೂದಿ ಹಾಕಿ ಹಲ್ಲುಜ್ಜಿ, ನೆತ್ತಿಯಿಂದ ತಣ್ಣೀರು ಸುರಿದುಕೊಂಡ. ಚಳಿ ಮೂಳೆಗೇ ಇಳಿಯಿತು. ಇಳಿಯಲಿ. ಚಳಿಗೆ ನಾತವಿರಲಿಲ್ಲ. ಅಷ್ಟು ಚೊಕ್ಕಟವಾದದ್ದು ಆ ಬೆಳಗ್ಗೆ ಅವನ ಮೈಯನ್ನು ಇನ್ನೇನೂ ಮುಟ್ಟಿರಲಿಲ್ಲ.

ಸಿದ್ದೇಶ್ವರ ಮೇಷ್ಟ್ರು ತಮ್ಮ ಹೊದಿಕೆಯನ್ನು ಮುಂದೆ ಚಾಚಿದರು. "ಬೇಡಿ ಮೇಷ್ಟ್ರೇ," ಅಂದ ಪುಟ್ಟರಾಜು. "ನಿಮ್ದೂ ಕೆಟ್ಟೋಯ್ತದೆ."

ಬರೀ ಪಂಚೆಯಲ್ಲಿ, ನೀರಿಳಿಯುವ ಮೈಯಲ್ಲಿ, ಕಂಬ ಬಿಟ್ಟು ಮಂಟಪದ ನಡುವೆ ಬಂದು ಕೂತ. ಹಲ್ಲು ಕಟಕಟ ಅನ್ನುತ್ತಿತ್ತು. ಮೊದಲ ಸಾಲು ಎರಡು ಕಡೆ ಮುರಿಯಿತು. ಚನ್ನಪ್ಪ ಕೆಮ್ಮಿದ. ಎರಡನೆಯ ಸಾಲಿಗೆ ದನಿ ನೆಲ ಹಿಡಿಯಿತು. ಆಮೇಲೆ ಅಜ್ಜನ ತೊಡೆಯ ಕಾಲದಿಂದ ಕಿವಿಯೊಳಗೆ ಕೂಡಿಬಿದ್ದಿದ್ದದ್ದು ತಾನೇ ದಾರಿ ಮಾಡಿಕೊಂಡು ಹೊರಬಂತು. ರಾಮನಿಗೆ ಪಟ್ಟವಾಯಿತು, ದೀಪಗಳು ಎದ್ದವು, ಲೋಕಕ್ಕೆ ಮಂಗಳವಾಯಿತು. ಮುಗಿದಾಗ ಮೇಷ್ಟ್ರು ಕಣ್ಣು ತೆರೆದು, "ನಡುಗ್ತಾ ಓದಿದ್ರಿ, ತಪ್ಪಿ ಓದಲಿಲ್ಲ," ಅಂದರು. ಅಷ್ಟು ಸಾಕಾಯಿತು.

ಬಟ್ಟೆಗಳನ್ನು ಗೊಬ್ಬರದ ಚೀಲಕ್ಕೆ ತುರುಕಿ ಕ್ಯಾರಿಯರಿಗೆ ಬಿಗಿದು, ಹುಗ್ಗಿಯ ದೊನ್ನೆಯನ್ನು ಕವರಿನಲ್ಲಿಟ್ಟು ಹ್ಯಾಂಡಲಿಗೆ ತೂಗುಹಾಕಿಕೊಂಡು ಮನೆಗೆ ಬರುವ ಹೊತ್ತಿಗೆ ಬಿಸಿಲೇರಿತ್ತು. ನಂಜಮ್ಮ ಕೋಣೆಯಲ್ಲಿ ಕೂತು ಎಲೆ ಆರಿಸುತ್ತಿದ್ದಳು. ಸೊಸೆ ಭವ್ಯಶ್ರೀ ಕೊಟ್ಟಿಗೆಯಲ್ಲಿದ್ದಳು.

"ಇದೇನ್ರೀ, ಮೈಮೇಲೆ ಬಟ್ಟೆ ಇಲ್ದಂಗೆ! ಓದುದ್ರಾ?"

"ಓದ್ದೆ. ಚರಂಡೀಲಿ ವಾಂತಿ ಮಾಡ್ಕಂಡು ಓದ್ದೆ." ಚೀಲವನ್ನು ಅಂಗಳಕ್ಕೆ ಎಸೆದ. "ಇವನ್ನ ಸುಟ್ಟಾಕು."

ನಂಜಮ್ಮ ನಕ್ಕಳು. "ಒದ್ದೆ ಆಗೋಯ್ತಾ? ನೀರು ಬಿತ್ತು ಅಂದ್ರೆ ಸೊಪ್ಪಿನ ನಂಜು ಚರ್ಮದಲ್ಲೇ ಒಳೀಕೆ ಇಳೀತದೆ. ನಿಂಬೆಹಣ್ಣು ಚೀಪಿ, ಸಂಜೀಗೆ ಸರಿ ಆಯ್ತದೆ. ಎಲೆ ಮುರಿಯೋ ಕಾಲ್ದಲ್ಲಿ ಇಬ್ನಿ ಬಿದ್ದ ಸೊಪ್ಪು ಮೈಗೆ ತಾಕಿ ನಮಗೆ ದಿನಾ ಇದೇಯ. ಒಲದ ಬದಿನ ಮೇಲೆ ಕಾರ್ಕಂಡು, ಬಾಯಿ ತೊಳ್ಕಂಡು, ಮತ್ತೆ ಸಾಲು ಇಡಿಯೋದು."

"ನೀನೂವಾ? ನಂಗೆ ಒಂದು ದಿನಾನೂ ಏಳ್ಲಿಲ್ವಲ್ಲೇ?"

"ಏನಂತ ಏಳಾನ? ವಾಂತಿ ಅನ್ನೋ ಮಾತು ಕೇಳುದ್ರೇ ನೀವು ಊಟದ ತಟ್ಟೆ ಬುಟ್ಟು ಎದ್ದೋಗ್ತಿದ್ರಿ."

ಪುಟ್ಟರಾಜು ಹೊಸಿಲ ಹೊರಗೇ ನಿಂತು ದೊನ್ನೆ ಚಾಚಿದ. ಪ್ರಸಾದವೆಂದು ಅವಳು ಕಣ್ಣಿಗೊತ್ತಿಕೊಳ್ಳಲು ಎರಡೂ ಕೈ ಮುಂದೆ ತಂದಳು. ಬೆರಳ ಸಂದಿ, ಉಗುರಿನ ಬುಡ, ಅಂಗೈ ಗೆರೆ ಎಲ್ಲ ಕಪ್ಪಗೆ ಅಂಟು ಕೂತಿತ್ತು. ಅದೇ ನಾತ. ಇಷ್ಟು ಕಾಲ ಅವನಿಗೆ ಬಡಿಸುವ ಮುಂಚೆ ತಿಕ್ಕಿ ತೊಳೆದು ಬರುತ್ತಿದ್ದಳು. ಇವತ್ತು ಅವನು ನೇರ ಕೋಣೆಯ ಬಾಗಿಲಿಗೇ ಬಂದಿದ್ದ.

ದೊನ್ನೆಯನ್ನು ಗೂಡಿನಲ್ಲಿಟ್ಟು ಅಡುಗೆಮನೆಗೆ ಹೋದ. ನೀರು ಬಿಸಿ ಮಾಡಿ, ಹುಣಸೆಹಣ್ಣು ಕಿವುಚಿ, ಚೊಂಬು ಬೇಸಿನ್ನು ಹಿಡಿದು ಬಂದು ಆ ಕೋಣೆಯ ಹೊಸಿಲು ದಾಟಿದ.

"ಅಯ್ಯೋ, ನೀವ್ಯಾಕೆ ಒಳೀಕೆ ಬಂದ್ರಿ? ಮತ್ತೆ ಒಟ್ಟೆ ತೊಳಸ್ತದೆ."

"ಕೈ ಕೊಡು."

ಹುಣಸೆಹುಳಿ ಹಾಕಿ ಬೆರಳೊಂದೊಂದನ್ನೇ ಉಜ್ಜಿದ. ನೀರು ಕಂದುಬಣ್ಣಕ್ಕೆ ತಿರುಗಿ ನಾತ ಮೇಲೆದ್ದಿತು. ಬಾಯಿಗೆ ಮತ್ತೆ ಉಪ್ಪುನೀರು ಬಂತು. ಪುಟ್ಟರಾಜು ಅದನ್ನು ನುಂಗಿಕೊಂಡು, ಮುಖ ತಿರುಗಿಸದೆ, ಇನ್ನೊಂದು ಚೊಂಬು ಹುಯ್ದ.